ಹೊಗೆ ಬರೆದವಳು

ಭಾನುವಾರ ಬೆಳಿಗ್ಗೆ, ವೂಚ್ ಪಟ್ಟಣದ ಹಳೇ ಟ್ರಾಮ್ ಶೆಡ್ಡಿನ ಹಿಂದೆ
ಮಡಚುವ ಮೇಜು, ಮೂರು ಬೂಟಿನ ಡಬ್ಬಿ.
ನನ್ನ ಅಂಗಡಿ ಇಷ್ಟೇ.
ಡಬ್ಬಿಯೊಳಗೆ ಊರು ನಿಂತಿದೆ,
ಅಂಚು ಸವೆದು, ಒತ್ತೊತ್ತಾಗಿ.

ಊರಿನ ಹೆಸರಿಗೆ ನಮ್ಮ ನುಡಿಯಲ್ಲಿ ದೋಣಿ ಎಂದರ್ಥ.
ದೋಣಿ ಇದೆ, ಹೊಳೆ ಇಲ್ಲ.
ಇದ್ದ ಹೊಳೆಗೆ ಗಿರಣಿಯವರು
ಸೋಮವಾರ ನೀಲಿ, ಮಂಗಳವಾರ ಕೆಂಪು ಕುಡಿಸಿ
ಕಡೆಗೆ ನಾತ ತಡೆಯಲಾರದೆ
ಇಟ್ಟಿಗೆಯ ಕೊಳವೆಯಲ್ಲಿ ಮಲಗಿಸಿ ಮೇಲೆ ಬೀದಿ ಹೊದಿಸಿದರು.
ಹೊಳೆಯ ಕಾರ್ಡು ಒಂದೇ ಒಂದು ನೋಡಿದ್ದೇನೆ.
ಅದರಲ್ಲೂ ಹೊಳೆಗಿಂತ ಸೇತುವೆ ದೊಡ್ಡದು.

ಗಿರಾಕಿಗಳು ಥರಾವರಿ.
ಒಬ್ಬನಿಗೆ ಅಂಚೆಚೀಟಿ ಸಾಕು, ತ್ಸಾರನ ಹದ್ದಿದ್ದರೆ ಕಣ್ಣು ಮಿನುಗುತ್ತದೆ.
ಒಬ್ಬಳಿಗೆ ಬೀದಿಯ ಹೆಸರು ಬೇಕು. ಒಂದೇ ಬೀದಿಗೆ
ರಷ್ಯನ್ನಿನಲ್ಲೊಂದು, ಆಮೇಲೆ ನಮ್ಮದು,
ಆಮೇಲೆ ಜರ್ಮನ್ನಿನಲ್ಲೊಂದು, ಮತ್ತೆ ನಮ್ಮದು.
ನೆಲಗಲ್ಲು ಮಾತ್ರ ಅವೇ.
ಯಿದ್ದಿಶ್‌ನಲ್ಲಿ ಬರೆದ ಕಾರ್ಡು ಕೇಳಿ ಬರುವ ಮುದುಕರು
ಕೊಳ್ಳುವುದಿಲ್ಲ. ಓದಿ, ತೋಳಿನಿಂದ ಒರೆಸಿ,
ತೆಗೆದ ಜಾಗದಲ್ಲೇ ಇಡುತ್ತಾರೆ.

ನನ್ನ ಮುತ್ತಜ್ಜಿ ಝೆನೋಬ್ಯಾ ಕಾರ್ಡುಗಳಿಗೆ ಬಣ್ಣ ಹಾಕುತ್ತಿದ್ದಳು.
ಕಲ್ಲಚ್ಚಿನ ಮನೆಯ ಎರಡನೆ ಮಹಡಿ, ಉತ್ತರದ ಕಿಟಕಿ, ಉದ್ದ ಮೇಜು,
ಒಬ್ಬೊಬ್ಬ ಹುಡುಗಿಗೆ ಒಂದೊಂದು ಕೆಲಸ:
ಆಕಾಶ ಹೆಡ್ವಿಗ್‌ಗೆ, ಮರಗಳು ರೈಜ್ಲಾಗೆ,
ಇಟ್ಟಿಗೆ ಮತ್ತು ಹೊಗೆ ಇವಳ ಪಾಲು.
ಫೋಟೋದವನಿಗೆ ಹೊಗೆ ಸಿಕ್ಕಿರುತ್ತಿರಲಿಲ್ಲ, ಬಿಸಿಲು ಬೇಕೆಂದು
ಅವನು ಹೋಗುತ್ತಿದ್ದದ್ದೇ ಭಾನುವಾರ.
ಯಜಮಾನ ಬೆನ್ನ ಹಿಂದೆ ನಿಂತು:
"ಹೊಗೆಯಿಲ್ಲದ ಚಿಮಣಿ ದಿವಾಳಿಯ ಚಿಮಣಿ.
ಬರಿಯಮ್ಮಾ, ಧಾರಾಳವಾಗಿ ಬರಿ."
ಬರೆದಳು. ಚಿಮಣಿಗೆ ಎರಡು ಸುರುಳಿ, ಎಡಕ್ಕೆ ವಾಲಿಸಿ.
ನೂರು ಕಾರ್ಡಿಗೆ ಇಷ್ಟು ಕೊಪೆಕ್ ಎಂದು ಲೆಕ್ಕ.
ಅವಳ ಊರಿನಲ್ಲಿ ಗಾಳಿ ಸದಾ ಒಂದೇ ಕಡೆಯಿಂದ ಬೀಸುತ್ತದೆ.
ಇತಿಹಾಸದ ಮೇಷ್ಟರು ಇದಕ್ಕೆ ಏನೇನೋ ಹೇಳಿಯಾರು.
ಅವಳು ಎಡಚಿ, ಅಷ್ಟೇ.

ಐದನೆಯ ಇಸವಿಯ ಜೂನ್‌ನಲ್ಲಿ
ಬೀದಿಗೆ ಅಡ್ಡವಾಗಿ ಗಾಡಿ, ಮೇಜು, ಮಂಚ ಪೇರಿಸಿದರು.
ಗಿರಣಿಗಳು ಸುಮ್ಮನಾದವು.
ಅಂಗಳದಲ್ಲಿ ಒಣಹಾಕಿದ ಬಿಳಿ ದುಪ್ಪಟಿ
ಸಂಜೆಯವರೆಗೂ ಬಿಳಿಯೇ ಇತ್ತು. ಇದನ್ನವಳು
ತೊಂಬತ್ತರಲ್ಲೂ ಹೇಳುತ್ತಿದ್ದಳಂತೆ,
ಗುಂಡಿನ ಮಾತಿಗಿಂತ ಮೊದಲು.
ತಂಗಿ ಲುದ್ಕಾ, ನೂಲುವ ಹಾಲ್‌ನಿಂದ ಎಲ್ಲರೊಡನೆ ಹೊರಬಿದ್ದವಳು,
ಮನೆಗೆ ಬರಲಿಲ್ಲ.
ಮುಂದಿನ ವಾರ ಕಲ್ಲಚ್ಚಿನ ಮನೆಗೆ ಎರಡು ಸಾವಿರದ ಬೇಡಿಕೆ ಬಂತು.

ಮೊನ್ನೆ, ತೀರಿಹೋದ ದಂತವೈದ್ಯರೊಬ್ಬರ ಮನೆ ಖಾಲಿ ಮಾಡಿ ತಂದ ಕಟ್ಟಿನಲ್ಲಿ
ಸಿಕ್ಕಿತು. ಹದಿನಾಲ್ಕು ಚಿಮಣಿ. ಹದಿಮೂರಕ್ಕೆ ಹೊಗೆ, ಎಡಕ್ಕೆ.
ಬಲತುದಿಯದು ಬರಿದು.
ಮರೆತಳೋ, ಬಣ್ಣ ಮುಗಿಯಿತೋ, ಊಟದ ಗಂಟೆ ಹೊಡೆಯಿತೋ.
ಭೂತಗನ್ನಡಿ ಹಿಡಿದೆ.
ಕುಂಚ ಸೋಕಿದ ಗುರುತೂ ಇಲ್ಲ.
ಬೆನ್ನಿಗೆ ಯಾರೋ ಯಾರಿಗೋ:
"ಕಾಲುಚೀಲ ತಲುಪಿತು. ಕೆಮ್ಮು ಕಡಿಮೆ.
ಗುರುತು ಹಾಕಿದ ಕಿಟಕಿ ನನ್ನದು."
ಗುರುತು ಎಲ್ಲೂ ಕಾಣಲಿಲ್ಲ. ಪೆನ್ಸಿಲ್ಲಿನದಿರಬೇಕು.

ಆ ಗಿರಣಿ ಈಗ ಅಂಗಡಿಸಾಲು.
ಇಟ್ಟಿಗೆ ತೊಳೆದು ನಿಲ್ಲಿಸಿದ್ದಾರೆ, ಅವಳ ಬಣ್ಣಕ್ಕಿಂತ ಕೆಂಪು.
ರಾತ್ರಿ ಚಿಮಣಿಗೆ ದೀಪ ಬಿಡುತ್ತಾರೆ.

ಹನ್ನೊಂದಕ್ಕೆ ಒಬ್ಬ ಹುಡುಗ ಬಂದ, ಟ್ರಾಮಿನ ಹುಚ್ಚು.
ಎತ್ತಿದ್ದು ಅದೇ ಕಾರ್ಡು.
ಮೂಲೆಯಲ್ಲಿ ಉಗುರಿನಷ್ಟು ಟ್ರಾಮ್ ಇದೆ, ನಾನೇ ನೋಡಿರಲಿಲ್ಲ.
"ಎಷ್ಟು?"
ಕೊಡಬಾರದು ಎಂದುಕೊಂಡೆ.
ನಾಲ್ಕು ಝ್ಲೋಟಿ ಎಂದೆ, ಬಾಯಿಯ ಅಭ್ಯಾಸ.
ಚಿಲ್ಲರೆ ಎಣಿಸುತ್ತ ಕೇಳಿದ, "ಇದ್ಯಾಕೆ ಹೊಗೆ ಬಿಡ್ತಿಲ್ಲ?"
"ಆವತ್ತು ಕೆಲಸ ನಿಂತಿತ್ತು."
"ಮಿಕ್ಕವು?"

ಅವನ ಅಮ್ಮ ಕೂಗಿದಳು. ಓಡಿದ,
ಕಾರ್ಡು ಜೇಬಿನಲ್ಲಿ, ಅರ್ಧ ಹೊರಗೆ.